ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ಬೇಟೆಗೆ ಹಗುರದ ರೈಫಲ್ ಯಾವ್ದು ತಗೊಳ್ಲಿ? ಐದು ಪೌಂಡಿಂದಾ, ಆರೂವರೆ ಪೌಂಡಿಂದಾ?

ಗುಡ್ಡದೂರಿನವ (ಡೆನ್ವರ್):

ಎಲ್ರಿಗೂ ನಮಸ್ಕಾರ. ಕೊಲೊರಾಡೊ, ಐಡಹೊ, ಮೊಂಟಾನಾ ಕಡೆ ಶಿಕಾರಿಗೆ ಹೋಗೋ ಕನ್ನಡದವ್ರು ಯಾರಾದ್ರೂ ಇದೀರಾ? ಗ್ರೀನ್ ಕಾರ್ಡ್ ಬಂದ್ಮೇಲೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸ್ಕೊಂಡು ಹೋದ್ ಸೀಸನ್ನಲ್ಲಿ ಫ್ರೆಂಡ್ ಒಬ್ರ ಹಳೇ .300 ವಿನ್ ಮ್ಯಾಗ್ (ಜೋರು ಮ್ಯಾಗ್ನಮ್ ತೋಟಾ ಹಾಕೋ ರೈಫಲ್ಲು) ಇಸ್ಕೊಂಡು ಗನ್ನಿಸನ್ ಕಡೆ ಎಲ್ಕ್‌ಗೆ ಹೋಗಿದ್ದೆ. ಎಲ್ಕ್ ಸಿಗ್ಲಿಲ್ಲ, ಅದಿರ್ಲಿ. ಆ ಬಂದೂಕು ದೊಡ್ಡ ಸ್ಕೋಪು, ಬೈಪಾಡು (ಮುಂದಿನ ಎರಡು ಕಾಲಿನ ಸ್ಟ್ಯಾಂಡು), ಬೆಲ್ಟು ಎಲ್ಲಾ ಸೇರಿ ಹನ್ನೊಂದು ಪೌಂಡು, ಅಂದ್ರೆ ಐದು ಕೆಜಿ. ಹತ್ತು ಸಾವಿರ ಅಡಿ ಮೇಲೆ ಮೊದ್ಲೇ ಉಸಿರು ಸಾಲಲ್ಲ, ಅದ್ರಲ್ಲಿ ಬೆನ್ನಿಗೆ ಬ್ಯಾಗು, ಭುಜಕ್ಕೆ ಇದು, ಬಿದ್ದಿರೋ ಮರ ದಾಟೋವಾಗೆಲ್ಲ ಬ್ಯಾರೆಲ್ಲು ಎಲ್ಲಾದ್ರೂ ಸಿಕ್ಕಾಕ್ಕೊಳ್ಳೋದು, ಸಾಕಪ್ಪಾ ಅನ್ನಿಸ್ಬಿಡ್ತು.

ಈ ಸಲ ನಂದೇ ಒಂದು ತಗೊಳ್ಳೋಣ ಅಂತ. ಸ್ಕೋಪು ಸೇರಿ ಎರಡು ಸಾವಿರ ಡಾಲರ್, ತೀರಾ ಜಾಸ್ತಿ ಅಂದ್ರೆ ಎರಡೂವರೆ. ಕಿಂಬರ್ ಮೌಂಟನ್ ಅಸೆಂಟ್ ಸೆಕೆಂಡ್ ಹ್ಯಾಂಡಲ್ಲಿ ಒಂದು ಸಿಗ್ತಿದೆ, .308 ತೋಟಾದ್ದು, ಬರೀ ರೈಫಲ್ಲು ಐದು ಪೌಂಡ್‌ಗೂ ಕಮ್ಮಿ! ಇಲ್ಲಾಂದ್ರೆ ಟಿಕ್ಕಾ ಟಿ3ಎಕ್ಸ್ ಲೈಟ್, ಆರೂವರೆ ಪೌಂಡಿಂದು. ಅದೂ ಇಲ್ಲಾಂದ್ರೆ ಕಾರ್ಬನ್ ಫೈಬರ್ ಸುತ್ತಿರೋ ಬ್ಯಾರೆಲ್ಲಿನ ಕ್ರಿಸ್ಟೆನ್ಸನ್ ರಿಡ್ಜ್‌ಲೈನ್, ಆದ್ರೆ ಅದು ತಗೊಂಡ್ರೆ ಸ್ಕೋಪಿಗೆ ದುಡ್ಡು ಉಳಿಯಲ್ಲ. ಕ್ಯಾಲಿಬರ್ (ತೋಟಾದ ಅಳತೆ) ವಿಷ್ಯದಲ್ಲಂತೂ ತಲೆ ಕೆಟ್ಟೋಗಿದೆ, ಅಂಗಡಿಯವ್ನು ಎಲ್ಕ್ ಅಂದ್ರೆ ಮ್ಯಾಗ್ನಮ್ಮೇ ಆಗ್ಬೇಕು ಅಂತಾನೆ, ಯೂಟ್ಯೂಬ್ ನೋಡಿದ್ರೆ 6.5 ಕ್ರೀಡ್‌ಮೋರ್ ಧಾರಾಳ ಸಾಕು ಅಂತಾರೆ. ನಾನು ಐದಡಿ ಆರಿಂಚು, 64 ಕೆಜಿ ಆಸಾಮಿ. ಹೊಡ್ಯೋದು ಮುನ್ನೂರು ಗಜದ ಒಳ್ಗೆ, ಅದಕ್ಕಿಂತ ದೂರದ್ದು ಬೇಡವೇ ಬೇಡ. ಏನ್ಮಾಡ್ಲಿ?

ಧಾರವಾಡ_ಪೇಡೆ (ಬಾಯ್ಸಿ, ಐಡಹೊ):

ಅಲ್ರೀ ಸರ, ಹನ್ನೊಂದ ಪೌಂಡಿಂದ ಸೀದಾ ಐದಕ್ಕ ಇಳೀತೀನಿ ಅಂತೀರಲ್ಲ, ನಡುವ ಇರೋದೂ ಒಂಚೂರ ನೋಡ್ರಿ. ಹಗುರ ಬಂದೂಕು ಹೊತ್ಕೊಂಡ ಅಡ್ಡಾಡಾಕ ಭಾಳ ಚಲೋ, ಹೊಡ್ಯಾಕ ಭಾಳ ತ್ರಾಸ. ಅದ ತೋಟಾ, ಬಂದೂಕಿನ ತೂಕ ಅರ್ಧಾ ಮಾಡಿದ್ರ ಹಿಂದಕ್ಕ ಒದಿಯೋ ಶಕ್ತಿ ಎರಡ ಪಟ್ಟ ಆಗತೈತಿ, ಇದು ಫಿಸಿಕ್ಸು, ನನ್ನ ಅಭಿಪ್ರಾಯ ಅಲ್ಲ. ಅದರಾಗ ಮ್ಯಾಗ್ನಮ್ ಹಾಕಿದ್ರ ಕೇಳಬ್ಯಾಡ್ರಿ, ಸ್ಕೋಪು ಕಣ್ಣಿಗೆ ಸಮೀಪ ಇಟ್ಕೊಂಡಿದ್ರ ಹುಬ್ಬ ಸೀಳಿ ಅರ್ಧಚಂದ್ರ ಮೂಡತೈತಿ, ನಮ್ಮ ರೇಂಜಿನಾಗ (ಗುರಿ ಹೊಡ್ಯೋ ಮೈದಾನದಾಗ) ಅಂಥಾ ಹುಬ್ಬ ಇದ್ದೋರು ಭಾಳ ಮಂದಿ ಅದಾರ.

ಆದ್ರ ಪೆಟ್ಟಿಗಿಂತ ಹೆದರಿಕಿ ಕೆಟ್ಟದ್ದು. ಭುಜಕ್ಕ ಬೀಳತೈತಿ ಅಂತ ಗೊತ್ತಾದ ಮೇಲೆ ಟ್ರಿಗರ್ ಒತ್ತೋಕಿಂತ ಮೊದ್ಲ ಮೈ ತಾನ ಬಿಗೀತೈತಿ. ಇದನ್ನ ನೋಡಬೇಕಂದ್ರ ಹಿಂಗ ಮಾಡ್ರಿ: ರೇಂಜಿನಾಗ ಗೆಳ್ಯಾಗ ಹೇಳಿ, ನಿಮಗ ಕಾಣ್ದಂಗ ಒಮ್ಮೆ ಖರೇ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ತುಂಬಿ ಕೊಡಾಕ ಹೇಳ್ರಿ. ಡಮ್ಮಿ ಬಂದಾಗ ಬರೇ ಟಕ್ ಅಂತ ಸಪ್ಪಳ ಆಗತೈತಿ, ಆದ್ರ ಬ್ಯಾರಲ್ಲಿನ ಮೂತಿ ಗಪ್ನ ಕೆಳಗ ಜಗ್ಗತೈತಿ, ಕಣ್ಣ ಮುಚ್ಚಿರತಾವ. ನಾನು ಹಂಗ ಮಾಡೂದಿಲ್ಲ ಅನ್ನೋರ ಬಂದೂಕ ಎಲ್ಲಾರಕಿಂತ ಜಾಸ್ತಿ ಜಗ್ಗತೈತಿ.

ಎರಡನೇದು, ಸಪೂರ ಬ್ಯಾರಲ್ಲು ಲಗೂನ ಕಾಯತೈತಿ. ಮೊದಲ ಎರಡು ಈಡು ಒಂದ ಕಡೆ ಬಿದ್ವು ಅಂದ್ರ ಮೂರನೇದು, ನಾಕನೇದು ಅತ್ತಾಗ ಇತ್ತಾಗ ಹೊಂಟಿರತಾವ. ಗುಡ್ಡದಾಗ ಅದೇನ ದೊಡ್ಡ ತ್ರಾಸ ಅಲ್ಲ, ಅಲ್ಲೆ ಲೆಕ್ಕಕ್ಕ ಬರೋದು ತಣ್ಣನ ಬ್ಯಾರಲ್ಲಿನ ಮೊದಲನೇ ಈಡು ಒಂದ. ಆದ್ರ ಪ್ರಾಕ್ಟೀಸ್ ಮಾಡೋರ್ಗೆ ಬ್ಯಾಸರ, ಮೂರ ಹೊಡದು ಹತ್ತ ಹದಿನೈದ ಮಿನಿಟ ಚಹಾ ಕುಡ್ಕೋತ ಕೂಡಬೇಕು.

ಅಂಗಡಿಯಂವ ಹೇಳಿದ್ದು ಮರತ ಬಿಡ್ರಿ. ಕೊಲೊರಾಡೊ ಕಾಯ್ದೇನ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ (ಗುಂಡಿನ ತೂಕದ ಅಳತಿ) ಬುಲೆಟ್ಟು, ನೂರು ಗಜದಾಗ 1000 ಫುಟ್ ಪೌಂಡ್ ಶಕ್ತಿ ಅಂತೈತಿ. ಅದು ಕನಿಷ್ಠ ಅಷ್ಟ, ಅಷ್ಟಕ್ಕ ನಿಲ್ಲಬ್ಯಾಡ್ರಿ. ಆದ್ರ ಮುನ್ನೂರು ಗಜದೊಳಗ 7 ಎಂಎಂ-08, .308, .270 ಯಾವುದಾದ್ರೂ ಪುಪ್ಪಸಕ್ಕ ಸರಿಯಾಗಿ ಬಿದ್ರ ಎಲ್ಕ್ ದೂರ ಹೋಗೂದಿಲ್ಲ. .270 ಬಂದಿದ್ದ 1925ರಾಗ, ಅವತ್ತಿಂದ ಎಷ್ಟ ಎಲ್ಕ್ ಕೆಡವ್ಯಾವೋ. ಹೊಟ್ಟಿಗೆ ಬಡದ್ರ .300ನೂ ಅಷ್ಟ, ರಾತ್ರಿಪೂರ್ತಿ ಬ್ಯಾಟರಿ ಹಿಡ್ಕೊಂಡ ಹುಡುಕಬೇಕು. ನಿಮ್ಮ 64 ಕೆಜಿಗೆ 7 ಎಂಎಂ-08 ಹೇಳಿ ಮಾಡಿಸಿದಂಗೈತಿ, ಆದ್ರ ಸಣ್ಣ ಊರಿನ ಅಂಗಡಿಯಾಗ ತೋಟಾ ಸಿಗಬೇಕಂದ್ರ .308.

ಇನ್ನ ತೂಕ. ಕ್ಯಾಟಲಾಗಿನಾಗ ಬರಿಯೋದು ಬರೇ ಬಂದೂಕಿಂದು. ಸ್ಕೋಪು, ಮೌಂಟು, ಬೆಲ್ಟು, ತುಂಬಿದ ಮ್ಯಾಗಝಿನ್ ಎಲ್ಲಾ ಹಾಕಿ ತೂಕ ಮಾಡ್ರಿ. ಲೂಪೋಲ್ಡ್ ವಿಎಕ್ಸ್-ಫ್ರೀಡಮ್ 3-9x40 ಸ್ಕೋಪು 350 ಗ್ರಾಂ ಆಸುಪಾಸು. ದೂರ ಹೊಡ್ಯಾಕಂತ ಮಾರೋ ದೊಡ್ಡ ದೊಡ್ಡ ಸ್ಕೋಪು 900 ಗ್ರಾಂ ಮ್ಯಾಲ ಹೋಗತಾವ. ಮುನ್ನೂರು ಗಜಕ್ಕ ಅದ್ಯಾಕ ಬೇಕ್ರೀ? ಸಣ್ಣ ಸ್ಕೋಪು ಹಾಕಿ, ಬೈಪಾಡ್ ತಗದ ಒಗೀರಿ, ಬ್ಯಾಗ್ ಮ್ಯಾಲೆ ಬಂದೂಕಿಟ್ಟು ಹೊಡೀರಿ. ಅಲ್ಲೇ ಮುಕ್ಕಾಲ ಕೆಜಿ ಹೋತು, ರೊಕ್ಕಾನೂ ಉಳೀತು. ನನ್ನ ವೋಟು ಟಿಕ್ಕಾಕ್ಕ. ಎಲ್ಲಾ ಸೇರಿ ಏಳೂವರಿಯಿಂದ ಎಂಟ ಪೌಂಡಿನಾಗ ನಿಂದರತೈತಿ. ಒಂದ ಮಾತು, ಟಿಕ್ಕಾದಾಗ ಎಲ್ಲಾ ಕ್ಯಾಲಿಬರಿಗೂ ಒಂದ ಉದ್ದದ ಆಕ್ಷನ್ನು (ತೋಟಾ ತುಂಬಿ ಹೊಡಿಯೋ ನಡುವಿನ ಭಾಗ), ಹಿಂಗಾಗಿ ಸಣ್ಣ ತೋಟಾ ತಗೊಂಡ್ರ ತೂಕ ಉಳೀತೈತಿ ಅನ್ನೋ ಲೆಕ್ಕ ಅಲ್ಲೆ ನಡಿಯೂದಿಲ್ಲ. ಕಿಂಬರ್‌ದಾಗ ನಡೀತೈತಿ, ಅಂವ ತೋಟಾದ ಅಳತಿಗೆ ಆಕ್ಷನ್ನೂ ಸಣ್ಣದ ಮಾಡಿರತಾನ.

ಇಡ್ಲಿ_ಇನ್_ಡಲ್ಲಾಸ್:

ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ. ನಾನಿನ್ನೂ ಎಚ್-1ಬಿ ವೀಸಾದಲ್ಲೇ ಇದೀನಿ. ನಾವು ಬಂದೂಕು ಮುಟ್ಟೋಂಗೇ ಇಲ್ಲ ಅಂತಾರಲ್ಲ, ನಿಜಾನಾ? ಫ್ರೆಂಡ್ಸ್ ಜೊತೆ ರೇಂಜಿಗೆ ಹೋಗೋದೂ ತಪ್ಪಾ?

ಸ್ಯಾಕ್ರಮೆಂಟೊ_ಸಾರು:

@ಇಡ್ಲಿ ಗುರೂ, ಹುಷಾರು. ಎಚ್-1ಬಿ ಥರದ ನಾನ್ ಇಮಿಗ್ರೆಂಟ್ ವೀಸಾದವ್ರು ಬಂದೂಕು, ತೋಟಾ ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ಅಪರಾಧ, ರೇಂಜಲ್ಲಿ ಬಾಡಿಗೆಗೆ ತಗೊಂಡು ಕೈಯಲ್ಲಿ ಹಿಡ್ಕೊಂಡ್ರೂ ಅದೇ. ಆದ್ರೆ ಯಾವ್ದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ ಇದೆ. ಲೈಸೆನ್ಸ್ ಎಕ್ಸ್‌ಪೈರ್ ಆಯ್ತೋ, ವಿನಾಯ್ತೀನೂ ಹೋಯ್ತು. ಒಂದು ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿ ಗ್ರೀನ್ ಕಾರ್ಡ್ ಫೈಲಿಗೆ ತೊಂದ್ರೆ ಮಾಡ್ಕೋಬೇಡ, ಮೊದ್ಲು ನಿನ್ನ ಲಾಯರ್ ಹತ್ರ ಒಂದ್ಮಾತು ಕೇಳು.

@ಗುಡ್ಡದೂರಿನವ ನಿಮಗೆ ಆ ತಾಪತ್ರಯ ಇಲ್ಲ, ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತೆ, ಅದರ ಮೇಲೆ ಕೊಲೊರಾಡೊದಲ್ಲಿ 2023ರ ಅಕ್ಟೋಬರಿಂದ ಮೂರು ದಿನ ಕಾಯೋ ರೂಲ್ ಇದೆ, ಸೀಸನ್ ಹಿಂದಿನ ದಿನ ಅಂಗಡಿಗೆ ಓಡ್ಬೇಡಿ ಅಷ್ಟೇ. ಇನ್ನೊಂದು, ಮನೇಲಿ ಮಕ್ಕಳು ಮಾಂಸ ತಿಂತಾರಾ? ಹಂಗಿದ್ರೆ ತಾಮ್ರದ ಗುಂಡು ನೋಡಿ. ಸೀಸದ್ದು ಒಳಗೆ ಪುಡಿ ಪುಡಿಯಾಗಿ ಸುತ್ತಲಿನ ಮಾಂಸಕ್ಕೆಲ್ಲ ಸೇರ್ಕೊಳ್ಳುತ್ತೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬಂದ್. ತಾಮ್ರದ್ದು ಒಡೆದು ಚೂರಾಗಲ್ಲ, ಆಳಕ್ಕೆ ಇಳಿಯುತ್ತೆ, ಹಾಗಾಗಿ ಸ್ವಲ್ಪ ಕಮ್ಮಿ ತೂಕದ ಗುಂಡು ಹಾಕಿದ್ರೂ ನಡೆಯುತ್ತೆ, ಭುಜದ ಮೇಲೆ ಬೀಳೋ ಏಟೂ ಕಮ್ಮಿ.

ಕೊಡಗಿನ_ಕಿವಿ (ಕ್ರೈಸ್ಟ್‌ಚರ್ಚ್):

ನಾನು ಇಲ್ಲಿ ನ್ಯೂಜಿಲೆಂಡಲ್ಲಿ ತಾರ್‌ಗೆ ಹೋಗ್ತೀನಿ, ಹಿಮಾಲಯದ ತಾರ್ ಅಂದ್ರೆ ಒಂಥರಾ ಕಾಡು ಆಡು, ನಮ್ಮ ನೀಲಗಿರಿ ತಾರ್‌ನ ದೂರದ ನೆಂಟ ಅಂದ್ಕೊಳ್ಳಿ. 1904ರಲ್ಲಿ ಇಂಗ್ಲೆಂಡಿಂದ ತಂದು ಮೌಂಟ್ ಕುಕ್ ಹತ್ರ ಬಿಟ್ರು, ತಿನ್ನೋ ಪ್ರಾಣಿ ಯಾವ್ದೂ ಇಲ್ಲ, ಸಂಖ್ಯೆ ಹೆಚ್ಚಾಗಿ ಗುಡ್ಡದ ಗಿಡಗಳನ್ನೆಲ್ಲ ಬೋಳಿಸ್ತಾ ಇವೆ, ಹಂಗಾಗಿ ಸರ್ಕಾರವೇ ಹೊಡೀರಪ್ಪಾ ಅನ್ನುತ್ತೆ. ಎಲ್ಕ್‌ಗಿಂತ ತುಂಬಾ ಸಣ್ಣದು, ದೊಡ್ಡ ಗಂಡು ಅಂದ್ರೆ 70 ಕೆಜಿ ಚಿಲ್ರೆ, ಆದ್ರೆ ಇರೋದು ಮಾತ್ರ ಆಡೂ ಹತ್ತೋಕೆ ಯೋಚ್ನೆ ಮಾಡೋ ಬಂಡೆ ಮೇಲೆ. ಜೂನ್ ಜುಲೈಲಿ ಐಸ್ ಆಕ್ಸು, ಕ್ರ್ಯಾಂಪಾನು (ಬೂಟಿಗೆ ಕಟ್ಟೋ ಮುಳ್ಳು) ಬೇಕು. ತೂಕದ ನೋವು ನಂಗೆ ಅರ್ಥ ಆಗುತ್ತೆ ಮಾರಾಯ್ರೆ.

ಪೇಡೆಯವ್ರು ಹೇಳಿದ್ದಕ್ಕೆ ಮುಕ್ಕಾಲು ಭಾಗ ಒಪ್ತೀನಿ. ಆದ್ರೆ ಐದು ಪೌಂಡಿನ ಬಂದೂಕನ್ನ ಅಷ್ಟು ಸಲೀಸಾಗಿ ತಳ್ಳಿಹಾಕ್ಬೇಡಿ. ಎರಡೂ ಕೈ ಹಿಡ್ಕೊಂಡು ಹತ್ತೋ ಜಾಗದಲ್ಲಿ ಒಂದು ಕೆಜಿ ವ್ಯತ್ಯಾಸ ಅಂದ್ರೆ ಚೆನ್ನಾಗಿ ಗೊತ್ತಾಗುತ್ತೆ, ಮೇಲೆ ತಲುಪಿದಾಗ ಕೈ ನಡುಗದೇ ಇದ್ರೆ ಗುರಿಗೂ ಒಳ್ಳೇದೇ. ಕೊಲೊರಾಡೊದ ಎಲ್ಕ್ ಜಾಗ ಹಂಗಲ್ಲ, ಅದು ನಡಿಗೆಯ ಗುಡ್ಡ, ಅಲ್ಲಿ ಏಳೂವರೆ ಪೌಂಡು ದೊಡ್ಡ ವಿಷ್ಯ ಅಲ್ಲ. ಇಲ್ಲಿ ನಾವು ಬ್ಯಾರೆಲ್ 18 ಇಂಚಿಗೆ ಕತ್ತರಿಸಿ ಸಪ್ರೆಸರ್ (ಸದ್ದು ತಗ್ಗಿಸೋ ಕೊಳವೆ) ಹಾಕ್ಕೊಳ್ತೀವಿ, ಇಲ್ಲಿ ಅದು ಮಾಮೂಲು, ಏಟೂ ಕಮ್ಮಿ, ಕಿವಿಗೂ ಒಳ್ಳೇದು. ನಿಮ್ಮ ಆ ಮೌಂಟನ್ ಅಸೆಂಟಿಗೆ ಮಝಲ್ ಬ್ರೇಕ್ (ಮೂತಿಗೆ ಹಾಕೋ ತೂತಿನ ತುಂಡು) ಇರುತ್ತಲ್ಲ, ಏಟು ಕಮ್ಮಿ ಮಾಡುತ್ತೆ ನಿಜ, ಆದ್ರೆ ಸದ್ದೆಲ್ಲ ಪಕ್ಕಕ್ಕೆ ಹಿಂದಕ್ಕೆ ಬರುತ್ತೆ, ಕಾಡಲ್ಲಿ ಇಯರ್ ಪ್ಲಗ್ ಹಾಕೋಕೆ ಟೈಮ್ ಎಲ್ಲಿರುತ್ತೆ ಹೇಳಿ, ಒಂದೇ ಈಡಿಗೆ ಕಿವಿ ಗುಂಯ್ ಅನ್ನುತ್ತೆ, ಪಕ್ಕದಲ್ಲಿ ಕೂತವ್ನಿಗೆ ಇನ್ನೂ ಜಾಸ್ತಿ.

ಯಾರೂ ಹೇಳ್ದೇ ಇರೋದು ಇಳಿಜಾರಿನ ಲೆಕ್ಕ. ಬೆಟ್ಟದಲ್ಲಿ ಮೇಲಕ್ಕೆ ಹೊಡೀಲಿ, ಕೆಳಕ್ಕೆ ಹೊಡೀಲಿ, ಗುಂಡು ಎಷ್ಟು ಇಳಿಯುತ್ತೆ ಅನ್ನೋದು ಹೆಚ್ಚು ಕಮ್ಮಿ ಅಡ್ಡ ದೂರದ ಮೇಲೆ ಹೋಗುತ್ತೆ. 300 ಗಜ ಅಂತ ರೇಂಜ್‌ಫೈಂಡರ್ (ದೂರ ಅಳೆಯೋ ಉಪಕರಣ) ತೋರಿಸ್ತು, 45 ಡಿಗ್ರಿ ಇಳಿಜಾರು, ಆಗ ನೀವು 212 ಗಜಕ್ಕೆ ಹಿಡಿಯೋ ಹಾಗೆ ಹಿಡೀಬೇಕು. 300 ಅಂತಾನೇ ಎತ್ತಿ ಹಿಡಿದ್ರೆ ಬೆನ್ನ ಮೇಲಿಂದ ಹಾರಿಹೋಗುತ್ತೆ. ಕೋನ ಲೆಕ್ಕ ಹಾಕಿ ಹೇಳೋ ರೇಂಜ್‌ಫೈಂಡರ್ ತಗೊಳ್ಳಿ, ಕಾರ್ಬನ್ ಬ್ಯಾರೆಲ್ಲಿಗೆ ಸುರಿಯೋ ದುಡ್ಡು ಅಲ್ಲಿ ಹಾಕಿ.

ಟಿಕ್ಕಾ ತಗೊಂಡ್ರೆ ಸ್ಟೇನ್‌ಲೆಸ್ಸೇ ತಗೊಳ್ಳಿ. ಊರಲ್ಲಿ ಮಳೆಗಾಲದ ಕೋವಿ ಸವಾಸ ಮಾಡಿದವ್ನಿಗೆ ತುಕ್ಕಿನ ಬಗ್ಗೆ ಜಾಸ್ತಿ ಹೇಳೋದು ಬೇಡ. ನಮ್ಮನೇಲಿ ಇವತ್ತಿಗೂ ಕೈಲ್‌ಪೊದ್‌ಗೆ (ಕೊಡವರ ಆಯುಧ ಪೂಜೆ ಹಬ್ಬ) ಕೋವಿ ಒರೆಸಿ, ಎಣ್ಣೆ ಹಾಕಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡ್ತಾರೆ, ತೆಂಗಿನಕಾಯಿಗೆ ಗುರಿ ಹೊಡ್ಯೋದೂ ಇದೆ. ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯ್ತಿ ಇನ್ನೂ ಇದೆ, ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ನಿಂತ್ಹೋಯ್ತು.

ಬಸವನಗುಡಿ_ಬಾಯ್:

ಅಲ್ಲಾ ಸ್ವಾಮಿ, ಅಮೆರಿಕಕ್ಕೆ ಹೋಗಿ ಪಾಪದ ಪ್ರಾಣಿ ಹೊಡ್ಯೋಕೆ ಇಷ್ಟೆಲ್ಲಾ ರಿಸರ್ಚಾ? ಕ್ಯಾಮೆರಾ ತಗೊಂಡ್ ಹೋಗಿ, ಅದೂ ಹಗುರದ್ದು ಸಿಗುತ್ತೆ.

ಗುಡ್ಡದೂರಿನವ:

@ಬಸವನಗುಡಿ ಜಗಳ ಬೇಡ ಗುರೂ, ನಿಮಗೆ ಇಷ್ಟ ಇಲ್ಲ ಅಂದ್ರೆ ಅದೂ ಸರಿಯೇ. ಆದ್ರೆ ಇಲ್ಲಿ ವ್ಯವಸ್ಥೆ ಬೇರೆ. ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರೋ ರಾಜ್ಯ ನಮ್ಮ ಕೊಲೊರಾಡೊ, ಎಷ್ಟು ಹೊಡೀಬಹುದು ಅಂತ ಇಲಾಖೆ ಲೆಕ್ಕ ಹಾಕಿ ಟ್ಯಾಗ್ (ಬೇಟೆ ಪರವಾನಗಿ ಚೀಟಿ) ಕೊಡುತ್ತೆ. ರೈಫಲ್ಲು, ತೋಟಾ ಮಾರಾಟದ ಮೇಲೆ 11% ತೆರಿಗೆ ಹಾಕಿ, 1937ರ ಕಾಯ್ದೆ ಪ್ರಕಾರ ಅದನ್ನ ವನ್ಯಜೀವಿ ಕೆಲ್ಸಕ್ಕೇ ಕೊಡ್ತಾರೆ. ಹೊಡೆದಿದ್ದನ್ನ ಬಿಟ್ಟು ಬರೋಹಾಗೂ ಇಲ್ಲ, ತಿನ್ನೋ ಮಾಂಸ ಹೊತ್ಕೊಂಡೇ ಬರ್ಬೇಕು. ಚಿಕನ್ ಅಂಗಡಿ ಮುಂದೆ ಕ್ಯೂ ನಿಲ್ಲೋನು ನಾನು, ಇದಕ್ಕೆ ಮಾತ್ರ ಅಯ್ಯೋ ಪಾಪ ಅನ್ನೋಕೆ ನನಗಾಗಲ್ಲ.

ಉಳಿದವ್ರಿಗೆ: ಪೇಡೆ ಸರ್ ಹೇಳಿದ ಡಮ್ಮಿ ಆಟ ಆಡಿ ನೋಡಿದ್ವಿ. ಕಿಂಬರ್ ಮಾರ್ತಿರೋರು ಪಾಪ ಒಳ್ಳೇವ್ರು, ರೇಂಜಿಗೇ ತಂದ್ರು. ಎತ್ತಿ ಹಿಡಿದ್ರೆ ಆಹಾ ಅನ್ಸುತ್ತೆ, ಆದ್ರೆ ಮಂಡಿಯೂರಿ ಕೂತು ಗುರಿ ಹಿಡಿದ್ರೆ ಕ್ರಾಸ್‌ಹೇರ್ ಒಂದ್ಕಡೆ ನಿಲ್ತಾನೇ ಇಲ್ಲ, ನನ್ನ ಎದೆ ಬಡಿತಕ್ಕೆಲ್ಲ ಕುಣೀತಿತ್ತು. ಅದೇ ಭಂಗೀಲಿ ಫ್ರೆಂಡಿನ ಟಿಕ್ಕಾ ಮುಂದಿನ ತೂಕಕ್ಕೇನೋ ಸ್ವಲ್ಪ ನೆಟ್ಟಗೆ ಕೂತ್ಕೊಳ್ಳುತ್ತೆ. ಸೋ ಟಿಕ್ಕಾ ಸ್ಟೇನ್‌ಲೆಸ್, .308, 150 ಗ್ರೇನ್ ತಾಮ್ರದ ಗುಂಡು, ಸಣ್ಣ 3-9 ಸ್ಕೋಪು. ಉಳಿದ ದುಡ್ಡಲ್ಲಿ ರೇಂಜ್‌ಫೈಂಡರ್, ಆಮೇಲೆ ಬೇಸಿಗೆ ಪೂರ್ತಿ ಪ್ರಾಕ್ಟೀಸಿಗೆ ತೋಟಾ. ಇನ್ನೊಂದೇ ಡೌಟು, ಅಕ್ಟೋಬರ್ ಕೊನೇಲಿ ಅಲ್ಲಿ ಹಿಮ ಗ್ಯಾರಂಟಿ, ಬಿದ್ದು ಎದ್ದು ಮಾಡೋವಾಗ ಬ್ಯಾರೆಲ್ ಒಳಗೆ ಹಿಮ ತುಂಬ್ಕೊಂಡ್ರೆ?

ಧಾರವಾಡ_ಪೇಡೆ:

ಬ್ಯಾರಲ್ಲಿನ ಮೂತಿಗೆ ಒಂದ ತುಣುಕ ಎಲೆಕ್ಟ್ರಿಕಲ್ ಟೇಪ್ ಹಚ್ರಿ, ಹೊಡಿಯೋ ಮುಂದ ತಗ್ಯೋದೂ ಬ್ಯಾಡ, ಗುಂಡಿನ ಮುಂದಿನ ಗಾಳೀನ ಅದನ್ನ ಹಾರಿಸಿಬಿಡತೈತಿ, ಗುರೀಗೂ ಏನೂ ಆಗೂದಿಲ್ಲ. ಎರಡ ಮೂರ ಸುತ್ತು ಹೆಚ್ಚಿಂದು ಬ್ಯಾರಲ್ಲಿಗೇ ಸುತ್ತಿಟ್ಕೊಳ್ರಿ, ಹರದ್ರ ಅದರಾಗಿಂದ ಬಿಚ್ಚಿ ಹಚ್ಚಾಕ ಬರತೈತಿ. ಟೇಪ್ ಹಚ್ಚೋಕಿಂತ ಮೊದ್ಲ ಹಿಮ ಒಳಗ ಹೊಕ್ಕಿತ್ತಂದ್ರ ಮಾತ್ರ ತೋಟಾ ಎಲ್ಲಾ ತಗದು, ಬೋಲ್ಟ್ ತಗದು, ಹಿಂದಿಂದ ಬೆಳಕ ಕಾಣೋತನಕ ಸ್ವಚ್ಛ ಮಾಡ್ರಿ, ಇಲ್ಲಂದ್ರ ಬ್ಯಾರಲ್ಲ ಸಿಡೀತೈತಿ. ಮತ್ತ ರಾತ್ರಿ ಬಂದೂಕ ಟೆಂಟಿನ ಒಳಗಿನ ಕಾವಿನಾಗ ಇಡಬ್ಯಾಡ್ರಿ, ಸ್ಕೋಪಿನ ಗಾಜಿಗೆ ಮಂಜ ಹಿಡೀತೈತಿ. ಎಲ್ಕ್ ಬಿದ್ದರ ಒಂದ ಹಿಂದಿನ ತೊಡಿ ನನ್ನ ಕಡೆ ಕಳಸ್ರಿ, ನಮ್ಮ ಮನಿಯಾಕಿ ಖಾರಬ್ಯಾಳಿ ಹಾಕಿ ಮಾಡ್ತಾಳ.