ದೇವರಾಯನದುರ್ಗದ ಏರಲ್ಲಿ ಸಿಜೆ3ಬಿ ಜೀಪು ಆಫ್ ಆಗ್ತಿದೆ, ಸಾಕಾಗಿಹೋಗಿದೆ

ದುರ್ಗದ_ಜೀಪು (ತುಮಕೂರು):
ಕಾರ್ಬುರೇಟರ್ ಕಿಟ್ ಹಾಕಿಸಿದ್ದಾಯ್ತು, ಪೆಟ್ರೋಲ್ ಪಂಪ್ ಹೊಸದು, ಟ್ಯಾಂಕ್ ಇಳಿಸಿ ತೊಳೆದದ್ದೂ ಆಯ್ತು. ಆದ್ರೂ ಅದೇ ಕಥೆ. ನಾಮದ ಚಿಲುಮೆವರೆಗೂ ಚೆನ್ನಾಗೇ ಹೋಗುತ್ತೆ. ಬೆಟ್ಟದ ಏರು ಶುರುವಾದ್ಮೇಲೆ ಮಿಸ್ಸಿಂಗ್, ಎರಡು ಸಲ ಕೆಮ್ಮಿ ನಿಂತುಬಿಡುತ್ತೆ. ಅರ್ಧ ಗಂಟೆ ಬಿಟ್ರೆ ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟ್. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗದಲ್ಲೇ ಇರುತ್ತೆ. ಮಿಲಿಟರಿ ಹರಾಜಿನ ಗಾಡಿ. ಏನು ಮಾಡ್ಲಿ ಹೇಳಿ.

ಕೋಲಾರ_ಹರಿಕೇನ್:
ವೇಪರ್ ಲಾಕ್, ಅನುಮಾನವೇ ಬೇಡ. ಪೆಟ್ರೋಲ್ ಪೈಪಲ್ಲೇ ಕಾದು ಆವಿಯಾಗಿ ಹರಿಯೋದು ನಿಲ್ಲುತ್ತೆ. ಪಂಪ್‌ನಿಂದ ಕಾರ್ಬುರೇಟರ್‌ಗೆ ಹೋಗೋ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇದೆಯಾ ನೋಡಿ. ಪೈಪನ್ನ ದೂರ ಸರಿಸಿ, ನಡುವೆ ಒಂದು ತಗಡು ಕೊಡಿ. ಈಗ ಬರೋ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ಹಳೇ ರಬ್ಬರ್ ಹೋಸ್ ತಡೆಯಲ್ಲ. ಎಸ್‌ಎಇ 30ಆರ್9 ಅಂತ ಬರೆದಿರೋ ಹೋಸ್ ಹಾಕಿ.

ದುರ್ಗದ_ಜೀಪು:
ಹೋಸ್ ಎಲ್ಲಾ ಹೊಸದೇ ಅಣ್ಣ. ತಗಡೂ ಹಾಕಿದೀನಿ.

ಕೋಲಾರ_ಹರಿಕೇನ್:
ಹಾಗಾದ್ರೆ ತಗಡು ಸಣ್ಣದಾಯ್ತು. ನಿಂತ ತಕ್ಷಣ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಸ್ಟಾರ್ಟ್ ಆದ್ರೆ ವೇಪರ್ ಲಾಕೇ.

ಜೊಂಗಾ_ಗೌರಿಬಿದನೂರು:
ಇದಕ್ಕೇ ನಾನು ಮಿಲಿಟರಿ ಜೊಂಗಾ ಗಾಡಿ ಬಿಟ್ಟು ಬೇರೆ ಮುಟ್ಟಲ್ಲ. ಜಬಲ್‌ಪುರದ ಗಾಡಿ, 3956 ಸಿಸಿ, ಆರು ಸಿಲಿಂಡರ್ ಪೆಟ್ರೋಲ್. ನಂದಿ ಬೆಟ್ಟ ಏರೋವಾಗ ಆ ಎಂಜಿನ್ ಸದ್ದು ಕೇಳ್ಬೇಕು ನೀವು.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ):
ಜೊಂಗಾಕ್ಕೆ ಬೇರೆ ಚರ್ಚೆ ಇದೆ ಸಾರ್, ಅಲ್ಲಿ ಹಾಕಿ.
ದುರ್ಗದವ್ರೇ, ಒದ್ದೆ ಬಟ್ಟೆಯಿಂದ ಏನೂ ಸಾಬೀತಾಗಲ್ಲ. ಐದು ನಿಮಿಷದಲ್ಲಿ ಪಂಪ್ ಜೊತೆ ಉಳಿದದ್ದೂ ತಣ್ಣಗಾಗುತ್ತೆ. ಗಾಡಿ ನಿಂತ ಕ್ಷಣದಲ್ಲೇ, ತಣ್ಣಗಾಗೋಕೆ ಮುಂಚೆ, ಎರಡು ಕೆಲಸ ಮಾಡಿ. ಏರ್ ಕ್ಲೀನರ್ ಹೋಸ್ ತೆಗೆದು ಕಾರ್ಬುರೇಟರ್ ಬಾಯಲ್ಲಿ ಟಾರ್ಚ್ ಬಿಟ್ಟು, ಥ್ರಾಟಲ್ ಒಂದು ಸಲ ಪೂರ್ತಿ ಎಳೀರಿ. ಪೆಟ್ರೋಲ್ ಪಿಚಕಾರಿ ಹೊಡೆದ್ರೆ ಬೌಲ್‌ನಲ್ಲಿ ಪೆಟ್ರೋಲ್ ಇದೆ. ಹೋಸ್ ವಾಪಸ್ ಹಾಕಿ. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮಧ್ಯದ ವೈರ್ ಕಿತ್ತು, ಪೆಟ್ರೋಲ್ ಇರೋ ಕಡೆಯಿಂದ ದೂರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಬ್ಲಾಕ್‌ಗೆ 6 ಮಿಮೀ ದೂರ ಹಿಡಿದು ಸೆಲ್ಫ್ ಹೊಡೆಸಿ. ಚಟಚಟ ಅಂತ ನೀಲಿ ಕಿಡಿ ಬರ್ಬೇಕು. ಸಣ್ಣಗೆ ಹಳದಿ ಬಂದ್ರೆ ಪೆಟ್ರೋಲ್ ಸುದ್ದಿ ಬಿಟ್ಟುಬಿಡಿ, ತೊಂದರೆ ಕಿಡಿ ಕಡೇದು.
ಇನ್ನೊಂದು, ಗಾಡಿ 6 ವೋಲ್ಟಾ, 12 ವೋಲ್ಟಾ?

ದುರ್ಗದ_ಜೀಪು:
ಪಿಚಕಾರಿ ಜೋರಾಗಿ ಹೊಡೀತು. ಕಿಡಿ ಹಳದಿ, ಅದೂ ಬಿಟ್ಟು ಬಿಟ್ಟು. ಕಿಡಿಗೆ ವೋಲ್ಟ್ ಏರಿಸೋ ಕಾಯಿಲ್ ಮುಟ್ಟೋಕಾಗಲ್ಲ, ಅಷ್ಟು ಸುಡ್ತಿದೆ.
12 ವೋಲ್ಟ್, ಆಲ್ಟರ್ನೇಟರ್ ಇದೆ. ಮೊದಲು 6 ಇತ್ತು. ಕಾಯಿಲ್ ಮೇಲೂ 12 ವೋಲ್ಟ್ ಅಂತಲೇ ಇದೆ.

ಕೋಲಾರ_ಹರಿಕೇನ್:
6 ವೋಲ್ಟ್ ಗಾಡಿಯನ್ನ 12 ಮಾಡಿದ್ರೆ ಅದರ ಬೆಲೆನೇ ಹೋಯ್ತು. 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ವಿಂಟೇಜ್ ನಂಬರ್ ಬೇಕಂದ್ರೆ ಮೂಲರೂಪದಲ್ಲೇ ಇರ್ಬೇಕು. 2021ರ ನಿಯಮ ಅದು, ನೋಂದಣಿಗೆ 20,000 ರೂಪಾಯಿ.

ನಂದಿ_ತಪ್ಪಲು:
ಆ ನಂಬರ್ ತಗೊಂಡ್ರೆ ದಿನಾ ಓಡಿಸೋ ಹಾಗಿಲ್ಲ ಅನ್ನೋದನ್ನೂ ಹೇಳಿ ಅಣ್ಣ. ಈಗ ಕಾಯಿಲ್ ನೋಡೋಣ.
12 ವೋಲ್ಟ್ ಅಂತ ಬರೆದಿದ್ರೆ ಸಾಲದು. 12 ವೋಲ್ಟ್ ಕಾಯಿಲ್‌ನಲ್ಲೇ ಎರಡು ಜಾತಿ: ನೇರವಾಗಿ ಕೊಡೋದು, ಹೊರಗಡೆ ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸೋದು) ಬೇಕಾದದ್ದು. ಕಾಯಿಲ್‌ನ ಎರಡೂ ಸಣ್ಣ ವೈರ್ ಬಿಚ್ಚಿ. ಮೀಟರ್‌ನ 200 ಓಮ್‌ಗೆ ಇಟ್ಟು, ಮೊದಲು ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತೆ ನೋಡ್ಕೊಳ್ಳಿ, ಅಷ್ಟನ್ನ ಕಳೀಬೇಕು. ಆಮೇಲೆ ಪ್ಲಸ್ ಮೈನಸ್ ನಡುವೆ ಅಳೀರಿ. ಸುಮಾರು 3 ಓಮ್ ಇದ್ರೆ ನೇರ ಕೊಡಬಹುದು.

ದುರ್ಗದ_ಜೀಪು:
ಕಳೆದು 1.5. ಬ್ಯಾಲಸ್ಟ್ ಅಂತ ಏನೂ ಇಲ್ಲ, ಕೀಯಿಂದ ನೇರ ವೈರ್ ಬಂದಿದೆ.

ನಂದಿ_ತಪ್ಪಲು:
ಸಿಕ್ತು. 14 ವೋಲ್ಟಿಗೆ 1.5 ಓಮ್ ಅಂದ್ರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗಿನ ಸ್ವಿಚ್) ಮುಚ್ಚಿದಾಗ 9 ಆಂಪ್ ಹತ್ತಿರ ಎಳೆಯುತ್ತೆ. ಅದಕ್ಕೆ 4–5 ಸಾಕು. ಒಳಗಿನ ಇನ್ಸುಲೇಷನ್ ಕಾದು ಸೋರುತ್ತೆ, ಪಾಯಿಂಟೂ ಸುಡುತ್ತೆ. ಊರೊಳಗೆ ಆಕ್ಸಿಲರೇಟರ್ ಕಮ್ಮಿ ಒತ್ತಿರ್ತೀರಿ, ಸಿಲಿಂಡರ್ ಒಳಗೆ ಒತ್ತಡ ಕಮ್ಮಿ, ಬಡಕಲು ಕಿಡಿಯಲ್ಲೂ ನಡೆದುಹೋಗುತ್ತೆ. ಏರಲ್ಲಿ ಪೂರ್ತಿ ಒತ್ತಿದಾಗ ಪ್ಲಗ್ಗಲ್ಲಿ ಕಿಡಿ ಹಾರೋಕೆ ಹೆಚ್ಚು ವೋಲ್ಟ್ ಬೇಕು, ಆಗ ಕೈ ಕೊಡುತ್ತೆ. ತಣ್ಣಗಾದ್ರೆ ಸರಿಹೋಗೋದ್ರಿಂದಲೇ ಎಲ್ರೂ ಇದನ್ನ ವೇಪರ್ ಲಾಕ್ ಅಂದ್ಕೊಳ್ಳೋದು.

ಬೆಂದ ಕಾಯಿಲ್‌ಗೆ ಈಗ ಬ್ಯಾಲಸ್ಟ್ ಕೊಟ್ರೂ ನಂಬೋಕಾಗಲ್ಲ. 3 ಓಮ್‌ನ ಹೊಸದು ಹಾಕಿ, ಅಂಗಡೀಲೇ ಅಳೆದು ತಗೊಳ್ಳಿ. ಪಾಯಿಂಟ್, ಕಂಡೆನ್ಸರ್ ಎರಡೂ ಬದಲಿಸಿ. ಪಾಯಿಂಟ್ ಗ್ಯಾಪ್ 0.020 ಇಂಚು, ಪ್ಲಗ್ 0.030. ಗ್ಯಾಪ್ ಇಟ್ಟ ಮೇಲೆ ಟೈಮಿಂಗ್ ಮತ್ತೆ ನೋಡಿ, ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲಿರೋ ಜಾಗ) 5 ಡಿಗ್ರಿ ಮುಂಚೆ. ಎಂಜಿನ್ ಆಫ್ ಇದ್ದಾಗ ಕೀ ಆನ್ ಬಿಡಬೇಡಿ, ಪಾಯಿಂಟ್ ಮುಚ್ಚಿ ನಿಂತಿದ್ರೆ ಹೊಸ ಕಾಯಿಲೂ ಬೇಯುತ್ತೆ.

ಕೋಲಾರ_ಹರಿಕೇನ್:
ಸರಿ, ಕಾಯಿಲ್ ಹಾಕಿ. ಆದ್ರೆ ಆ ತಗಡು ತೆಗೀಬೇಡಿ, ಬೇಸಿಗೇಲಿ ಬೇಕೇ ಬೇಕು.

ಜೊಂಗಾ_ಗೌರಿಬಿದನೂರು:
ಹಳೇ ಬ್ಯಾಲಸ್ಟ್ ಕಾಯಿಲ್ ಯಾರ ಹತ್ರ ಆದ್ರೂ ಚೆನ್ನಾಗಿರೋದಿದ್ರೆ ಹೇಳಿ, ರೆಸಿಸ್ಟರ್ ನನ್ನ ಹತ್ರ ಇದೆ.