ಪದಚರ್ಚೆ: ಘನ ಮಿಶ್ರಣ ಉರಿಯುವಾಗ ಕಾಣುವುದು ಜ್ವಾಲೆಯೋ, ದಹನ ತರಂಗವೋ?

ಪ್ರಶ್ನೆ: ಟೈಟಾನಿಯಂ ಮತ್ತು ಇಂಗಾಲದ ಪುಡಿಗಳನ್ನು ತೂಕದಲ್ಲಿ 80:20ರಂತೆ ಬೆರೆಸಿ, ಅಚ್ಚಿನಲ್ಲಿ ಒತ್ತಿ ಕಂಬಿಯಂತೆ ಮಾಡಿ, ಆರ್ಗಾನ್ ತುಂಬಿದ ಕೋಶದಲ್ಲಿ ನಿಲ್ಲಿಸಿ ಒಂದು ತುದಿಗೆ ಟಂಗ್‌ಸ್ಟನ್ ಸುರುಳಿಯಿಂದ ಕಿಡಿ ಕೊಡುತ್ತಾರೆ. ಆಮೇಲೆ ಹೊಳೆಯುವ ಪಟ್ಟಿಯೊಂದು ತಾನಾಗಿಯೇ ಇನ್ನೊಂದು ತುದಿಗೆ ಸಾಗುತ್ತದೆ. ಇದಕ್ಕೆ ‘ಜ್ವಾಲೆ’ ಎನ್ನಬಹುದೇ? ಗುರುತ್ವದ ಪರಿಣಾಮ ಹೇಳುವಾಗ ‘ಮೇಲ್ಮುಖ ದಹನ’, ‘ಕೆಳಮುಖ ದಹನ’ ಸಾಕೇ?

ಉತ್ತರ: ‘ಜ್ವಾಲೆ’ ಬೇಡ. ಆ ಪದ ಕಂಡೊಡನೆ ಓದುಗರಿಗೆ ಮೇಲೇಳುವ ಬಿಸಿ ಅನಿಲ ನೆನಪಾಗುತ್ತದೆ. ಇಲ್ಲಿ ಉರಿಯಲು ಅನಿಲ ಬೇಕಿಲ್ಲ, ಉತ್ಪನ್ನವೂ ಘನವೇ. ಬಿಸಿಯೇರುವ ವಲಯ, ಕ್ರಿಯೆಯ ವಲಯ, ಹಿಂದೆ ಉಳಿದ ಕೆಂಡದಂಥ ಭಾಗ ಮೂರೂ ಸೇರಿದರೆ ‘ದಹನ ತರಂಗ’. ಕಣ್ಣಿಗೆ ಕಾಣುವ ಹೊಳೆಯುವ ಗೆರೆಗೆ ಮಾತ್ರ ‘ದಹನದ ಅಂಚು’ ಎನ್ನಿ.

ಈ ಭೇದ ಉಳಿಸಿಕೊಳ್ಳದಿದ್ದರೆ ಗುರುತ್ವದ ಮಾತು ಕಲಸಿಹೋಗುತ್ತದೆ. ಗುರುತ್ವಕ್ಕೆ ಹಿಡಿತ ಸಿಗುವುದು ಮುಖ್ಯವಾಗಿ ತರಂಗದೊಳಗಿನ ದ್ರವದ ಮೇಲೆ. ಟೈಟಾನಿಯಂ 1668 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಇಂಗಾಲ ಘನವಾಗಿಯೇ ಉಳಿಯುತ್ತದೆ. ಕರಗಿದ ಲೋಹವನ್ನು ಸಣ್ಣ ರಂಧ್ರಗಳು ಹೀರಿ ಹಿಡಿದುಕೊಳ್ಳುತ್ತವೆ. ಪುಡಿ ನುಣುಪಾಗಿದ್ದಷ್ಟೂ ಗುರುತ್ವದ ಪ್ರಭಾವ ಕಡಿಮೆ. ಪುಡಿ ತರಿಯಾಗಿ ರಂಧ್ರ ದೊಡ್ಡದಾದರೆ ಲೋಹ ಕೆಳಕ್ಕೆ ಜಿನುಗುತ್ತದೆ. ಮೇಲಿಂದ ಹೊತ್ತಿಸಿದ್ದರೆ ಅದು ಇನ್ನೂ ಉರಿಯದ ಪುಡಿಯೊಳಕ್ಕೆ ಇಳಿಯುತ್ತದೆ. ಕೆಳಗಿಂದ ಹೊತ್ತಿಸಿದ್ದರೆ ಉರಿದು ಮುಗಿದ ಭಾಗಕ್ಕೆ. ಕೆಳಗಿಂದ ಹೊತ್ತಿಸಿದಾಗ ಇನ್ನೂ ಒಂದು ತೊಡಕು: ಉರಿಯದ ಮೇಲ್ಭಾಗದ ತೂಕವೆಲ್ಲ ಮೆತ್ತಗಾದ ಉತ್ಪನ್ನದ ಮೇಲೆ ಕೂರುತ್ತದೆ, ಕಂಬಿ ಕುಗ್ಗಬಹುದು.

ಹಾಗಾಗಿ ‘ಕೆಳಮುಖ ದಹನ’ ಎಂದಷ್ಟೇ ಬರೆದರೆ ಇಳಿದದ್ದು ತರಂಗವೋ ದ್ರವವೋ ತಿಳಿಯುವುದಿಲ್ಲ. ‘ಮೇಲಿಂದ ಹೊತ್ತಿಸಿದಾಗ ಕೆಳಕ್ಕೆ ಸಾಗುವ ತರಂಗ’ ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ‘ಕೆಳಮುಖ ತರಂಗ’ ಎಂದು ಚಿಕ್ಕದಾಗಿಸಿ.

ಥರ್ಮೈಟ್‌ನಲ್ಲಿ (ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಬೆರೆಸಿದ ಮಿಶ್ರಣದಲ್ಲಿ) ಮಾತ್ರ ಕಥೆ ಬೇರೆ. ಅಲ್ಲಿ ಉಂಟಾಗುವ ಕಬ್ಬಿಣ, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಎರಡೂ ದ್ರವವಾಗುತ್ತವೆ; ಭಾರದ ಕಬ್ಬಿಣ ತಳಕ್ಕಿಳಿದು ಅಲ್ಯೂಮಿನಾ ಮೇಲೆ ತೇಲುತ್ತದೆ. ಇದಕ್ಕೆ ‘ಬೇರ್ಪಡಿಕೆ’ ಚೆನ್ನಾಗಿ ಒಪ್ಪುತ್ತದೆ.

ಕಂಬಿಯ ಸುತ್ತಲಿನ ಆರ್ಗಾನ್ ಬಿಸಿಯಾಗಿ ಮೇಲೇಳುವುದಕ್ಕೆ ಪಠ್ಯಪುಸ್ತಕದ ‘ಸಂವಹನ’ವೇ ಸರಿ, ಆದರೆ ಇಂದು ಆ ಪದಕ್ಕೆ ಮಾತುಕತೆಯ ಅರ್ಥವೇ ಮುಂದಾಗಿದೆ. ‘ಉಷ್ಣಸಂವಹನ’ ಎಂದು ಬರೆದುಬಿಡಿ.