ಸಫ್ರಜೆಟ್‌ಗೆ ‘ಓಟುಬೀರಿ’ ಅಂದ್ರೆ ನಡೆಯುತ್ತಾ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡೋಳು, ಈ ಸಲ ನಮ್ಮ ಗೋಡೆ ಪತ್ರಿಕೆಗೆ, ಇಂಗ್ಲೆಂಡಲ್ಲಿ ಹೆಂಗಸರಿಗೂ ಓಟು ಬೇಕು ಅಂತ ಹೋರಾಡಿದ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಬಗ್ಗೆ ಒಂದು ಪುಟ ಬರೆಯೋಣ ಅಂತ ಕೂತೆ, ಮೊದಲನೇ ಸಾಲಲ್ಲೇ ಗಾಡಿ ನಿಂತೋಯ್ತು. ಸಫ್ರಜೆಟ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಬರೆಯೋದು?

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತಾನೇ ಅನುವಾದ ಮಾಡ್ಕೊಂಡು ಬಂದಿದ್ದ, ‘ನೊಂದ ಮಹಿಳೆಯರ ನಾಯಕಿ’ ಅಂತ. ಸಫರ್ ಅಂದ್ರೆ ಕಷ್ಟಪಡೋದು ಅಲ್ವಾ ಮಿಸ್ ಅಂದ. ಸಫ್ರೇಜ್ ಲ್ಯಾಟಿನ್ನಿನ ಸಫ್ರೇಜಿಯಂ ಇಂದ ಬಂದಿರೋದು ಕಣೋ, ಅಲ್ಲಿ ಅದಕ್ಕೆ ಓಟು ಅಂತ್ಲೇ ಅರ್ಥ, ನೋವಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ ಅಂದೆ. ಅವನು ಒಪ್ಪಿದ ಹಾಗೆ ಕಾಣಲಿಲ್ಲ.

‘ಮಹಿಳಾ ಮತಾಧಿಕಾರ ಹೋರಾಟಗಾರ್ತಿ’ ಇದೆಯಲ್ಲ ಅಂತೀರಿ. ಇದೆ, ಗೊತ್ತು. ಆದ್ರೆ ಇಂಗ್ಲಿಷಲ್ಲಿ ಇರೋದು ಎರಡು ಪದ, ಸಫ್ರಜಿಸ್ಟ್ ಮತ್ತೆ ಸಫ್ರಜೆಟ್, ನಾವು ಎರಡಕ್ಕೂ ಒಂದೇ ಟೋಪಿ ಹಾಕ್ತಿದೀವಿ. ಅರ್ಜಿ ಬರೆದು, ಸಭೆ ನಡೆಸಿ, ಕಾನೂನಿನ ದಾರೀಲೇ ಕೇಳಿದ ಮಿಲಿಸೆಂಟ್ ಫಾಸೆಟ್ ಕಡೆಯೋರು ಸಫ್ರಜಿಸ್ಟರು. 1903ರಲ್ಲಿ ಮ್ಯಾಂಚೆಸ್ಟರಿನ ತಮ್ಮ ಮನೇಲೇ ಪ್ಯಾಂಕ್‌ಹರ್ಸ್ಟ್ ಬೇರೆ ಸಂಘ ಕಟ್ಟಿದ್ರು, ಗಂಡ ತೀರ್ಕೊಂಡಿದ್ರು, ಹುಟ್ಟು ಸಾವು ನೋಂದಾಯಿಸೋ ರಿಜಿಸ್ಟ್ರಾರ್ ಕೆಲಸ ಮಾಡಿ ಸಂಸಾರ ನಡೆಸ್ತಿದ್ದ ಹೆಂಗಸು. ಮಾತು ಸಾಕು ಕೆಲಸ ಬೇಕು ಅನ್ನೋದೇ ಆ ಸಂಘದ ಘೋಷಣೆ. ಮುಂದೆ ಕಿಟಕಿ ಗಾಜಿಗೆ ಕಲ್ಲು, ಕಬ್ಬಿಣದ ಬೇಲಿಗೆ ಸರಪಳಿ ಕಟ್ಕೊಂಡು ನಿಲ್ಲೋದು, ಜೈಲಲ್ಲಿ ಉಪವಾಸ, ಇವೆಲ್ಲ ಬಂತು. 1906ರಲ್ಲಿ ಡೈಲಿ ಮೇಲ್ ಪತ್ರಿಕೆ ಇವರನ್ನ ಗೇಲಿ ಮಾಡೋಕೆ ಅಂತ್ಲೇ ಸಫ್ರಜೆಟ್ ಅಂತ ಬರೀತು. ಆ ‘ಎಟ್’ ಬಾಲ ಸಣ್ಣದು, ಪುಟಾಣಿ, ಲೆಕ್ಕಕ್ಕಿಲ್ಲದ್ದು ಅನ್ನೋ ಅರ್ಥದ್ದು, ಕಿಚನೆಟ್‌ನಲ್ಲಿ ಇದೆಯಲ್ಲ ಅದೇ. ಇವರು ಸಿಟ್ಟಾಗೋ ಬದಲು ಬೈಗುಳನೇ ಹೆಸರು ಮಾಡ್ಕೊಂಡ್ರು, 1912ರಲ್ಲಿ ಶುರು ಮಾಡಿದ ಪತ್ರಿಕೆಗೂ ಅದನ್ನೇ ಇಟ್ರು. ನ್ಯೂಜಿಲೆಂಡಿನ ಕೇಟ್ ಶೆಪರ್ಡ್ ಅವರನ್ನೂ ಕೆಲವರು ಸಫ್ರಜೆಟ್ ಅಂತಾರೆ, ಅದು ತಪ್ಪು, ಅಲ್ಲಿ ಹೆಂಗಸರಿಗೆ ಓಟು ಸಿಕ್ಕಿದ್ದು 1893ರಲ್ಲಿ, ಆಗ ಈ ಪದವೇ ಹುಟ್ಟಿರಲಿಲ್ಲ. 1926ರಲ್ಲೇ ಮದ್ರಾಸ್ ಶಾಸನಸಭೆಗೆ ನಿಂತ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಅದು ಹೊಂದಲ್ಲ.

ಹಾಗಾಗಿ ನನಗೆ ಬೇಕಿದ್ದಿದ್ದು ಒಳಗೆ ಒಂದು ಮೊಟಕು ಇರೋ ಪದ. ಹೋರಾಟಗಾರ್ತಿ ಅನ್ನೋದರಲ್ಲಿ ಯಾರು ಯಾರನ್ನೂ ಬೈದಿಲ್ಲ, ಬರೀ ಹಾರ ಹಾಕಿ ಕೂರಿಸಿದ ಹಾಗಿದೆ.

ಮೊನ್ನೆ ನಮ್ಮ ಸೋದರತ್ತೆ ಬಂದಿದ್ರು, ಮದ್ದೂರು ಕಡೆ ಹಳ್ಳಿಯೋರು, ಜಗಲಿ ಮೇಲೆ ಅವರೆಕಾಳು ಹಿದುಕ್ತಾ ಕೂತಿದ್ರು, ನಾನು ಮೊಬೈಲಲ್ಲಿ ಆ ಫೋಟೊ ತೋರಿಸಿದೆ. 1914ರದ್ದು, ಬಕಿಂಗ್‌ಹ್ಯಾಮ್ ಅರಮನೆ ಹತ್ರ ದೊಡ್ಡ ಆಳು ಪೊಲೀಸಿನವನು ಪ್ಯಾಂಕ್‌ಹರ್ಸ್ಟ್‌ನ ಸೊಂಟಕ್ಕೆ ಕೈ ಹಾಕಿ ಎತ್ಕೊಂಡು ಹೋಗ್ತಿರೋದು, ಆಯಮ್ಮನ ಕಾಲು ನೆಲಕ್ಕೆ ತಾಗ್ತಿಲ್ಲ. ಅತ್ತೆ ಕೈಲಿದ್ದ ಕಾಳು ಹಾಗೇ ಹಿಡ್ಕೊಂಡು ನೋಡಿದ್ರು. “ಏನ್ ಮಾಡಿದ್ಲಂತವ್ವ ಇವ್ಳು?” ಓಟು ಕೇಳಿದ್ರು ಅತ್ತೆ ಅಂದೆ. “ಅಷ್ಟಕ್ಕೇಯಾ? ನಮ್ಮೂರಾಗಾಗಿದ್ರೆ ಗಂಡುಬೀರಿ ಅಂದ್ಬುಟ್ಟು ಸುಮ್ನಾಗೋರು.” ಆಮೇಲೆ ಪುಳಕ್ಕಂತ ಕಾಳು ಪಾತ್ರೆಗೆ ಬಿಟ್ಟು, “ಇವ್ಳು ಓಟ್‌ಬೀರಿ ಕಣ್ ಬುಡು” ಅಂದ್ರು.

ನಂಗೆ ಅಲ್ಲೇ ಹಿಡಿಸ್ಬಿಡ್ತು. ಗಂಡುಬೀರಿ ನಮ್ಮಲ್ಲಿ ಬೈಗುಳನೇ, ಆದ್ರೆ ಬೈಸ್ಕೊಂಡೋಳು ಸೊಂಟಕ್ಕೆ ಸೆರಗು ಸಿಗಿಸ್ಕೊಂಡು ಹೌದು ಏನಿವಾಗ ಅನ್ನಬಹುದಾದ ಬೈಗುಳ. ಬಜಾರಿ, ಗಯ್ಯಾಳಿ ಅನ್ನೋದರಲ್ಲಿ ಆ ಅವಕಾಶ ಇಲ್ಲ.

ಮತ ಅಂತ ಸೇರಿಸಿದ್ರೆ ಇನ್ನೊಂದು ತಾಪತ್ರಯ, ಧರ್ಮಕ್ಕೂ ಅದೇ, ಅಭಿಪ್ರಾಯಕ್ಕೂ ಅದೇ, ಓಟಿಗೂ ಅದೇ. ಮತದಾನ ಅಂತೂ ನಂಗೆ ಮೊದಲಿಂದ ಸರಿಬರಲ್ಲ. ದಾನ ಕೊಡ್ತೀನಿ ಬಿಡ್ರೋ ಅಂತ ಯಾರಾದ್ರೂ ಜೈಲಿಗೆ ಹೋಗಿದ್ದುಂಟಾ?

ಇನ್ನೊಂದು ಪದ ಮಾತ್ರ ತಾನಾಗೇ ಕೂತ್ಕೊಂತು. ಉಪವಾಸ ಮಾಡಿ ಸಾಯೋ ಹಾಗಾದೋರನ್ನ ಮನೆಗೆ ಬಿಟ್ಟು, ಚೇತರಿಸ್ಕೊಂಡ ಮೇಲೆ ಮತ್ತೆ ಹಿಡ್ಕೊಂಡು ಬರೋಕೆ 1913ರಲ್ಲಿ ಸರ್ಕಾರ ಒಂದು ಕಾಯ್ದೆ ತಂತು, ಜನ ಅದನ್ನ ಬೆಕ್ಕು ಇಲಿ ಕಾಯ್ದೆ ಅಂದ್ರು, ಪ್ಯಾಂಕ್‌ಹರ್ಸ್ಟ್‌ನೂ ಹೀಗೇ ಎಷ್ಟೋ ಸಲ ಬಿಟ್ಟು ಹಿಡಿದ್ರು. ನಾನು ‘ಬೆಕ್ಕಿಗೆ ಚೆಲ್ಲಾಟ ಕಾಯ್ದೆ’ ಅಂತ ಬರೆದಿದೀನಿ, ಇಲಿಗೆ ಪ್ರಾಣಸಂಕಟ ಅನ್ನೋದನ್ನ ಮಕ್ಕಳೇ ಸೇರಿಸ್ಕೊಂಡ್ರು.

ಉಳಿದ ಕಥೆ ಬೇಗ ಹೇಳ್ತೀನಿ. 1914ರಲ್ಲಿ ಯುದ್ಧ ಬಂದಾಗ ಪ್ಯಾಂಕ್‌ಹರ್ಸ್ಟ್ ಚಳವಳಿ ನಿಲ್ಲಿಸಿ ಸರ್ಕಾರದ ಪರ ನಿಂತ್ರು, ಮಗಳು ಸಿಲ್ವಿಯಾಗೇ ಅದು ಹಿಡಿಸಲಿಲ್ಲ, ನಂಗೂ ಹಿಡಿಸಲ್ಲ. 1918ರಲ್ಲಿ ಮೂವತ್ತು ದಾಟಿದ, ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ ಮಾತ್ರ ಓಟು ಬಂತು. ಗಂಡಸರ ಹಾಗೆ ಇಪ್ಪತ್ತೊಂದಕ್ಕೇ ಓಟು ಅಂತ ಕಾನೂನಾಗಿದ್ದು 1928ರ ಜುಲೈ 2ಕ್ಕೆ. ಆಯಮ್ಮ ಹೋಗಿದ್ದು ಅದೇ ವರ್ಷ ಜೂನ್ 14ಕ್ಕೆ. ಹದಿನೆಂಟು ದಿನ ಅಷ್ಟೇ.

ಈಗ ನನ್ನ ಅನುಮಾನ. ಗಂಡುಬೀರಿಯ ‘ಬೀರಿ’ ವೀರ, ಬೀರ ಅನ್ನೋದರ ಹೆಣ್ಣುರೂಪ ತಾನೇ? ಹಳಗನ್ನಡ ಓದಿದೋರು ಹೇಳಬೇಕು. ಯಾಕಂದ್ರೆ ನಮ್ಮ ಮೈಸೂರಿನ ಸಹೋದ್ಯೋಗಿಗೆ ಈ ಪದ ತೋರಿಸಿದ್ರೆ ಅವರಿಗೆ ಮೊದಲು ನೆನಪಾಗಿದ್ದು ಸಂಕ್ರಾಂತಿ, “ಎಳ್ಳು ಬೀರಿದ ಹಾಗೆ ಮನೆಮನೆಗೆ ಓಟು ಬೀರೋಳು ಅಂತಾನೇನ್ರಿ?” ಅಂದ್ರು. ಆ ಅರ್ಥ ಬಂದ್ರೆ ನನಗೇನೂ ನಷ್ಟ ಇಲ್ಲ, ಆದ್ರೆ ಮೊಟಕು ಹೋಗಿ ಬರೀ ಎಳ್ಳು ಬೆಲ್ಲ ಉಳಿಯುತ್ತೆ. ಧಾರವಾಡ, ಮಂಗಳೂರು ಕಡೆಯೋರಿಗೆ ಓಟುಬೀರಿ ಅಂದ್ರೆ ಕಿವಿಗೆ ಹೆಂಗೆ ಬೀಳುತ್ತೆ, ಗಂಡುಬೀರಿ ನೆನಪಾಗುತ್ತಾ, ಎಳ್ಳು ನೆನಪಾಗುತ್ತಾ? ಶುಕ್ರವಾರದೊಳಗೆ ಹೇಳಿದ್ರೆ ಒಳ್ಳೇದು, ಮಕ್ಕಳು ಆಗಲೇ ಕೆಂಪು ಸ್ಕೆಚ್‌ಪೆನ್ ಹಿಡ್ಕೊಂಡು ಕಾಯ್ತಿದಾರೆ.